ಎರಡು ಜುಲೈ ಮೂರುಗಳು

ಕೆಲವು ವರ್ಷಗಳ ಹಿಂದೆ ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ತೀರಿಕೊಂಡವನು ನಮ್ಮ ಟೀಮಿನಲ್ಲಿದ್ದ ಇಪ್ಪತ್ತಾರು ವರ್ಷದ ಹುಡುಗ, ನಾಗಪುರದ ಕಡೆಯವನು. ಆಫೀಸಿನ ಬ್ಯಾಂಡಿನಲ್ಲಿ ಹಾಡುತ್ತಿದ್ದ. ‘ಡೋರ್ಸ್’ ಬ್ಯಾಂಡಿನ ಜಿಮ್ ಮಾರಿಸನ್ ಅಂದರೆ ಅವನಿಗೆ ಪ್ರಾಣ. ಒಂದು ರಾತ್ರಿ ಮಳೆಯಲ್ಲಿ ಬೈಕ್ ಜಾರಿ ಬಿದ್ದು ಹೋಗಿಬಿಟ್ಟ. ‘ಸರ್, ನೀವು ಎರಡು ಮಾತಾಡಿ’ ಎಂದರು. ಎದ್ದು ನಿಂತೆ, ಮಾತು ಹೊರಡಲಿಲ್ಲ. ದುಃಖದಿಂದ ಗಂಟಲು ಕಟ್ಟಿತು ಎಂದುಕೊಂಡು ಎಲ್ಲರೂ ನನ್ನ ಮೇಲೆ ಕನಿಕರಪಟ್ಟರು. ನಿಜ ಬೇರೆ ಇತ್ತು. ಅದಕ್ಕೆ ಮೂರು ವಾರ ಮೊದಲು, ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸುತ್ತಿಲ್ಲವೆಂದು ಅವನನ್ನು ಪ್ರಾಜೆಕ್ಟಿನಿಂದ ತೆಗೆದವನು ನಾನೇ. ನನ್ನ ಬದಲು ಒಬ್ಬಳು ಹುಡುಗಿ ಎದ್ದು, ಫೋನ್ ನೋಡಿಕೊಂಡು ಯಾವುದೋ ಇಂಗ್ಲಿಷ್ ಕವಿತೆ ಓದಿದಳು. ಎಲ್ಲರೂ ಅತ್ತರು.

ಹೊರಗೆ ಹಾಕಿದವನಿಗೆ ಶೋಕಗೀತೆ ಓದುವ ಹಕ್ಕಿದೆಯೆ? ಬೇರೆಯವರ ಕವಿತೆ ನಮ್ಮ ದುಃಖವನ್ನು ಹೊರಬಲ್ಲುದೆ? ಈ ಪ್ರಶ್ನೆ ಇಟ್ಟುಕೊಂಡು ಆ ಹುಡುಗನ ಮೆಚ್ಚಿನ ಗಾಯಕನ ಬಗ್ಗೆ ಓದುತ್ತ ಹೋದಾಗ, ನನ್ನದೇ ಪ್ರಶ್ನೆ 1969ರ ಲಂಡನ್ನಿನಲ್ಲಿ ನಿಂತಿತ್ತು.

ರೋಲಿಂಗ್ ಸ್ಟೋನ್ಸ್ ಬ್ಯಾಂಡನ್ನು 1962ರಲ್ಲಿ ಕಟ್ಟಿ, ಅದಕ್ಕೆ ಹೆಸರಿಟ್ಟವನು ಬ್ರಯಾನ್ ಜೋನ್ಸ್. ಗಿಟಾರ್ ಇರಲಿ, 1966ರ ‘ಪೇಂಟ್ ಇಟ್ ಬ್ಲ್ಯಾಕ್’ ಹಾಡಿಗೆ ಸಿತಾರ್ ಇರಲಿ, ಕೈಗೆ ಸಿಕ್ಕ ವಾದ್ಯವನ್ನೆಲ್ಲ ನುಡಿಸುವವನು. ಆದರೆ ಮಾದಕ ವಸ್ತು, ಮೊಕದ್ದಮೆ, ಕುಡಿತ ಎಲ್ಲ ಸೇರಿ ರೆಕಾರ್ಡಿಂಗಿಗೆ ಬಂದರೂ ಬಾರದಂತಾಗಿದ್ದ. 1969ರ ಜೂನ್ 8ರಂದು ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಮತ್ತು ಚಾರ್ಲಿ ವಾಟ್ಸ್ ಅವನ ಮನೆಗೆ ಹೋಗಿ, ಇನ್ನು ನೀನು ಬ್ಯಾಂಡಿನಲ್ಲಿಲ್ಲ ಎಂದು ಹೇಳಿ ಬಂದರು. ಸಸೆಕ್ಸ್‌ನ ಆ ತೋಟದ ಮನೆ ಹಿಂದೆ ‘ವಿನ್ನಿ ದ ಪೂ’ ಬರೆದ ಎ. ಎ. ಮಿಲ್ನ್ ಅವರದಾಗಿತ್ತು. ಒಂದು ತಿಂಗಳೂ ತುಂಬುವ ಮೊದಲೇ, ಜುಲೈ 3ರಂದು, ಅದೇ ಮನೆಯ ಈಜುಕೊಳದಲ್ಲಿ ಬ್ರಯಾನ್ ಹೆಣವಾಗಿ ಸಿಕ್ಕ. ವಯಸ್ಸು 27.

ಎರಡು ದಿನ ಬಿಟ್ಟು ಹೈಡ್ ಪಾರ್ಕಿನಲ್ಲಿ ಸ್ಟೋನ್ಸ್‌ನ ಉಚಿತ ಕಛೇರಿ ಮೊದಲೇ ಗೊತ್ತಾಗಿತ್ತು. ಬ್ರಯಾನ್ ಜಾಗಕ್ಕೆ ಬಂದ ಹೊಸ ಹುಡುಗ ಮಿಕ್ ಟೇಲರ್‌ನನ್ನು ಜನಕ್ಕೆ ತೋರಿಸುವ ಸಂದರ್ಭ ಅದು. ಕಛೇರಿ ನಿಲ್ಲಿಸಲಿಲ್ಲ, ಅದನ್ನೇ ಶ್ರದ್ಧಾಂಜಲಿಯಾಗಿಸಿದರು. ಲಕ್ಷಗಟ್ಟಲೆ ಜನ ಹುಲ್ಲಿನ ಮೇಲೆ ಕೂತಿದ್ದರು. ಬಿಳಿ ನಿಲುವಂಗಿ ತೊಟ್ಟ ಜಾಗರ್ ಜನರನ್ನು ಸುಮ್ಮನಾಗಿಸಿ ಪುಸ್ತಕ ತೆರೆದು, ಶೆಲ್ಲಿಯ ‘ಅಡೊನೇಸ್’ ಕವಿತೆಯಿಂದ ಆಯ್ದ ಭಾಗ ಓದಿದ. ಆಮೇಲೆ ಸಾವಿರಾರು ಬಿಳಿ ಚಿಟ್ಟೆಗಳನ್ನು ಹಾರಿಬಿಟ್ಟರು. ಜುಲೈ ಸೆಕೆಗೆ ಪೆಟ್ಟಿಗೆಯೊಳಗೇ ಎಷ್ಟೋ ಚಿಟ್ಟೆ ಸತ್ತುಹೋಗಿದ್ದವು. ಸತ್ತವು ವೇದಿಕೆಯ ಮೇಲೆ ಉದುರಿದವು. ಜುಲೈ 10ರಂದು ಚೆಲ್ಟನ್‌ಹ್ಯಾಮ್‌ನಲ್ಲಿ ಅಂತ್ಯಕ್ರಿಯೆ ನಡೆದಾಗ ಜಾಗರ್ ಅಲ್ಲಿರಲಿಲ್ಲ, ಸಿನಿಮಾ ಶೂಟಿಂಗಿಗೆಂದು ಆಸ್ಟ್ರೇಲಿಯಾಕ್ಕೆ ಹೋಗಿದ್ದ.

ಇದನ್ನು ನಾಟಕ ಎಂದು ಜರೆಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಇಪ್ಪತ್ತೈದರ ಹುಡುಗ, ತಾನೇ ಹೊರಗೆ ಕಳಿಸಿದ ಗೆಳೆಯ ಸತ್ತಿದ್ದಾನೆ, ಎದುರಿಗೆ ಸಮುದ್ರದಂತೆ ಜನ. ಸ್ವಂತ ಮಾತು ಎಲ್ಲಿಂದ ಬರಬೇಕು? ಕ್ಯಾಂಟೀನಿನಲ್ಲಿ ನಿಂತ ನನಗೆ ಇನ್ನೂರು ಜನರ ಮುಂದೆಯೇ ಬರಲಿಲ್ಲ.

ಶೆಲ್ಲಿಯ ಕವಿತೆಯೂ ಪೂರ್ತಿ ಸ್ವಂತದ್ದಲ್ಲ. ಕವಿ ಕೀಟ್ಸ್ 1821ರ ಫೆಬ್ರವರಿ 23ರಂದು ರೋಮಿನಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 25. ಇಬ್ಬರೂ ಅಂಥ ಆಪ್ತ ಸ್ನೇಹಿತರೇನಲ್ಲ. ಇಟಲಿಗೆ ಬಾ ಎಂದು ಶೆಲ್ಲಿ ಕರೆದಿದ್ದ, ಭೇಟಿ ಕೂಡಿಬರಲಿಲ್ಲ. ಪತ್ರಿಕೆಯ ಕಟು ವಿಮರ್ಶೆಯೇ ಕೀಟ್ಸ್‌ನನ್ನು ಕೊಂದಿತು ಎಂದು ನಂಬಿದ ಶೆಲ್ಲಿ, ಸಿಟ್ಟು ಶೋಕ ಎರಡನ್ನೂ ಸೇರಿಸಿ 55 ಪದ್ಯ ಬರೆದ. ಅದರ ಅಚ್ಚು ಪ್ರಾಚೀನ ಗ್ರೀಕರದು. ಅಡೋನಿಸ್‌ಗಾಗಿ ಬಯಾನ್ ಎಂಬ ಕವಿ ಅತ್ತ, ಬಯಾನ್ ಸತ್ತಾಗ ಅವನ ಹಿಂದಿನವರು ಅದೇ ಧಾಟಿಯಲ್ಲಿ ಅವನಿಗೇ ಅತ್ತರು. ಸಮುದ್ರದಲ್ಲಿ ಮುಳುಗಿದ ಸಹಪಾಠಿಗೆ ಮಿಲ್ಟನ್ ‘ಲಿಸಿಡಸ್’ ಬರೆದದ್ದೂ ಇದೇ ಸಾಲಿನಲ್ಲಿ. ಅತ್ತವನಿಗೆ ಮುಂದಿನವನು ಅಳುವ ಪರಂಪರೆ ಇದು. ಶೆಲ್ಲಿಯೂ ತಪ್ಪಿಸಿಕೊಳ್ಳಲಿಲ್ಲ. 1822ರ ಜುಲೈ 8ರಂದು ದೋಣಿ ಮುಳುಗಿ ಸತ್ತ. ದೇಹ ದಡಕ್ಕೆ ಬಂದಾಗ ಜೇಬಿನಲ್ಲಿ ಕೀಟ್ಸ್‌ನ ಕವನಪುಸ್ತಕ ಇತ್ತು. ಇಬ್ಬರೂ ಈಗ ರೋಮಿನ ಒಂದೇ ಸ್ಮಶಾನದಲ್ಲಿದ್ದಾರೆ.

ಈಗ ಮಾರಿಸನ್‌ಗೆ ಬರೋಣ. ಹೈಡ್ ಪಾರ್ಕಿನ ಕಛೇರಿ ಆಗಿ ಹದಿನಾರು ದಿನಕ್ಕೆ, ಜುಲೈ 21ರಂದು, ಲಾಸ್ ಏಂಜಲಿಸ್‌ನ ಅಕ್ವೇರಿಯಸ್ ಥಿಯೇಟರಿನಲ್ಲಿ ಡೋರ್ಸ್ ಕಾರ್ಯಕ್ರಮ. ಹಿಂದಿನ ದಿನವಷ್ಟೇ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದ. ಬಂದ ಪ್ರೇಕ್ಷಕರ ಕೈಗೆ ಒಂದು ಮುದ್ರಿತ ಕವಿತೆ ಬಂತು. ತೀರಿಹೋದ ಬ್ರಯಾನ್ ಜೋನ್ಸ್‌ನನ್ನು ನೆನೆಯುತ್ತ ತನ್ನ ಊರಿಗೆ ಬರೆದ ಪ್ರಗಾಥ ಅದು, ಮಾರಿಸನ್ನನೇ ಬರೆದದ್ದು. ಜಾಗರ್ ಇನ್ನೊಬ್ಬರ ಕವಿತೆಯನ್ನು ಮೈಕಿನಲ್ಲಿ ಓದಿದ. ಮಾರಿಸನ್ ತನ್ನ ಕವಿತೆಯನ್ನು ಕಾಗದದಲ್ಲಿ ಹಂಚಿದ, ಪ್ರತಿಯೊಬ್ಬರೂ ಮನೆಗೆ ಹೋಗಿ ಒಬ್ಬರೇ ಓದಿಕೊಳ್ಳಲಿ ಎಂಬಂತೆ.

ಅವನಿಗೆ ಅದು ಸಹಜ. ಕುಣಿದು ಕಿರುಚುವ ಗಾಯಕ ಎಂದು ಲೋಕ ಬಲ್ಲದ್ದು, ಕವಿ ಎನ್ನಿಸಿಕೊಳ್ಳುವ ಹಂಬಲ ಅವನದು. ಅದೇ 1969ರಲ್ಲಿ ಎರಡು ಕವನ ಸಂಗ್ರಹಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ. ಪುಸ್ತಕದ ಮೇಲೆ ಜಿಮ್ ಇಲ್ಲ, ಜೇಮ್ಸ್ ಡಗ್ಲಸ್ ಮಾರಿಸನ್ ಎಂಬ ಪೂರ್ತಿ ಹೆಸರು. 1970ರ ಡಿಸೆಂಬರ್ 8ರಂದು, 27 ತುಂಬಿದ ಹುಟ್ಟುಹಬ್ಬಕ್ಕೆ, ಸ್ಟುಡಿಯೋದಲ್ಲಿ ಕೂತು ಬರೀ ಕವಿತೆಗಳನ್ನೇ ಓದಿ ಧ್ವನಿಮುದ್ರಿಸಿದ. ಮುಂದಿನ ವರ್ಷ ಪ್ಯಾರಿಸ್ಸಿಗೆ ಹೋದ. ಅಲ್ಲಿಯ ಬಾಡಿಗೆ ಮನೆಯ ಸ್ನಾನದ ತೊಟ್ಟಿಯಲ್ಲಿ ಸತ್ತು ಸಿಕ್ಕಿದ್ದು 1971ರ ಜುಲೈ 3ರಂದು. ಬ್ರಯಾನ್ ಸತ್ತು ಸರಿಯಾಗಿ ಎರಡು ವರ್ಷ. ಪೇರ್ ಲಾಶೇಸ್ ಸ್ಮಶಾನದಲ್ಲಿ ಮಣ್ಣು ಮಾಡುವಾಗ ಇದ್ದವರು ಐದೇ ಜನ.

ಅವನಿಗೆ ಸಂದ ಕಾವ್ಯಕಾಣಿಕೆಗಳಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೂರು. ಉಳಿದ ಮೂವರು ಡೋರ್ಸ್ ಸದಸ್ಯರು ಆ ಹುಟ್ಟುಹಬ್ಬದ ಧ್ವನಿಮುದ್ರಣಕ್ಕೆ ಸಂಗೀತ ಹೊಂದಿಸಿ 1978ರಲ್ಲಿ ‘ಆನ್ ಅಮೆರಿಕನ್ ಪ್ರೇಯರ್’ ಹೊರತಂದರು. ಅವನ ಬಗ್ಗೆ ತಾವು ಏನನ್ನೂ ಬರೆಯದೆ, ಅವನ ಕವಿತೆಗೇ ಪಕ್ಕವಾದ್ಯ ನುಡಿಸಿದರು. ಅವರಿಗಿಂತ ಮೊದಲೇ, 1975ರ ‘ಹಾರ್ಸಸ್’ ಆಲ್ಬಮ್ಮಿನಲ್ಲಿ ಕವಯಿತ್ರಿ ಪ್ಯಾಟಿ ಸ್ಮಿತ್ ಮಾರಿಸನ್‌ನನ್ನು ಕಂಡ ಕನಸೊಂದನ್ನು ಹಾಡಾಗಿಸಿದ್ದಳು. ಅದೇ ಆಲ್ಬಮ್ಮಿನ ಕೊನೆಯ ಶೋಕಗೀತೆಯನ್ನು ಜಿಮಿ ಹೆಂಡ್ರಿಕ್ಸ್ ಸತ್ತ ದಿನವಾದ ಸೆಪ್ಟೆಂಬರ್ 18ರಂದೇ ಧ್ವನಿಮುದ್ರಿಸಿದಳು.

ಮೂರನೆಯದು ಅಪ್ಪನದು. ಜಾರ್ಜ್ ಸ್ಟೀಫನ್ ಮಾರಿಸನ್ ಅಮೆರಿಕದ ನೌಕಾಪಡೆಯ ಅಡ್ಮಿರಲ್. ಹಾಡುವುದೆಲ್ಲ ನಿನಗೆ ಬೇಡ, ಬಿಟ್ಟುಬಿಡು ಎಂದು ಮಗನಿಗೆ ಪತ್ರ ಬರೆದಿದ್ದವರು. ಮಗನೂ ಕಡಿಮೆಯಿಲ್ಲ. ರೆಕಾರ್ಡ್ ಕಂಪನಿಗೆ ಕೊಟ್ಟ ಪರಿಚಯದಲ್ಲಿ ತಂದೆತಾಯಿ ಸತ್ತಿದ್ದಾರೆ ಎಂದಿದ್ದ. ಅಭಿಮಾನಿಗಳು ಸಮಾಧಿಯ ಮೇಲೆಲ್ಲ ಗೀಚುತ್ತಿದ್ದರು. 1981ರಲ್ಲಿ ಇಟ್ಟ ಪ್ರತಿಮೆಯನ್ನು 1988ರಲ್ಲಿ ಯಾರೋ ಕದ್ದೊಯ್ದರು. 1990ರ ಹೊತ್ತಿಗೆ ಅಪ್ಪ ಅಲ್ಲಿ ಒಂದು ಕಲ್ಲು ನೆಡಿಸಿದರು. ಹೆಸರು, ವರ್ಷ, ಕೆಳಗೆ ಗ್ರೀಕಿನಲ್ಲಿ ನಾಲ್ಕು ಪದ: ತನ್ನ ‘ದೈಮೋನ್’ ಹೇಳಿದಂತೆ ಎಂಬ ಅರ್ಥದ್ದು. ಹಳೆಯ ಗ್ರೀಕಿನಲ್ಲಿ ಆ ಪದಕ್ಕೆ ಒಳಗಿನ ದೈವ ಎಂದರ್ಥ. ಈಚಿನ ಗ್ರೀಕಿನಲ್ಲಿ ಭೂತ, ಪಿಶಾಚಿ. ಇಂಗ್ಲಿಷಿನವರು ಇದನ್ನು ಬಿಡಿಸಿ ಹೇಳಲು ಒದ್ದಾಡುತ್ತಾರೆ. ದೈವ, ದೆವ್ವ ಎರಡನ್ನೂ ಒಂದೇ ಉಸಿರಿನಲ್ಲಿ ಅನ್ನಬಲ್ಲ ಕನ್ನಡದವರಿಗೆ ಅಷ್ಟು ಕಷ್ಟವಿಲ್ಲ. ಮಗನ ದಾರಿ ತಪ್ಪು ಎಂದಿದ್ದ ಅಪ್ಪ, ಅದು ಅವನದೇ ದಾರಿಯಾಗಿತ್ತು ಎಂದು ಕಲ್ಲಿನಲ್ಲಿ ಒಪ್ಪಿಕೊಂಡರು.

ಸತ್ತವರಿಗೆ ಕಲ್ಲಿನಲ್ಲಿ ಕವಿತೆ ಬರೆಸುವುದು ನಮಗೆ ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 700ರ ಕಾಲದ ನಂದಿಸೇನ ಮುನಿಯ ಶಾಸನವಿದೆ. ರೂಪ, ಭೋಗ, ಸಿರಿ ಎಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಕರಗುವವು ಎಂಬ ಭಾವದ ಪದ್ಯ. ಕಾಲೇಜು ಟ್ರಿಪ್ಪಿನಲ್ಲಿ ಆ ಬಂಡೆಯ ಪಕ್ಕದಲ್ಲೇ ಹಾದುಹೋಗಿದ್ದೆ, ನಿಂತು ನೋಡಿರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಇದು. ಎರವಲು ಕವಿತೆಯಲ್ಲಿ ತಪ್ಪಿಲ್ಲ, ಬಾಯಿ ಕಟ್ಟಿದವನಿಗೆ ಅದು ಊರುಗೋಲು. ಆದರೆ ಒಂದು ಮಾತಿಗೆ ಅದರಲ್ಲಿ ಜಾಗವಿರುವುದಿಲ್ಲ. ಶೆಲ್ಲಿಯ 55 ಪದ್ಯಗಳಲ್ಲಿ ಎಲ್ಲಿ ಹುಡುಕಿದರೂ ‘ಹೋದ ತಿಂಗಳು ಇವನನ್ನು ನಾವೇ ಹೊರಗೆ ಕಳಿಸಿದೆವು’ ಎಂಬ ಸಾಲು ಜಾಗರ್‌ಗೆ ಸಿಗುತ್ತಿರಲಿಲ್ಲ. ಅದನ್ನು ತಾನೇ ಬರೆಯಬೇಕು. ಅಡ್ಮಿರಲ್‌ಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ಕಳೆದ ಜುಲೈ 3ರ ರಾತ್ರಿ ನಾನೂ ಎಂಟು ಸಾಲು ಬರೆದೆ, ಕನ್ನಡದಲ್ಲಿ. ಒಳ್ಳೆಯ ಕವಿತೆ ಏನಲ್ಲ. ಮೂರನೆಯ ಸಾಲಿನಲ್ಲಿ ಆ ಪ್ರಾಜೆಕ್ಟಿನ ವಿಷಯ ಇದೆ. ಅವನ ತಾಯಿಗೆ ಕನ್ನಡ ಬಾರದು. ಅರ್ಥವನ್ನು ಹಿಂದಿಯಲ್ಲಿ ಬರೆದು, ಜೊತೆಗೆ ನನ್ನ ಫೋನಿನಲ್ಲಿದ್ದ ಅವನ ಹಾಡಿನ ವಿಡಿಯೋ ಸೇರಿಸಿ ಕಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿದರು. ‘ಅವನು ಮನೆಗೆ ಬಂದು ಎಲ್ಲ ಹೇಳಿದ್ದ, ಸಾಬ್’ ಎಂದರು. ಆಮೇಲೆ, ಆ ವಿಡಿಯೋದಲ್ಲಿ ಹಾಡು ನಡುವೆ ನಿಂತುಹೋಗುತ್ತದಲ್ಲ, ಉಳಿದದ್ದು ಯಾರ ಹತ್ತಿರವಾದರೂ ಇದೆಯೇ ಎಂದು ಕೇಳಿದರು. ಹಳೆಯ ಟೀಮಿನವರನ್ನೆಲ್ಲ ಕೇಳುತ್ತಿದ್ದೇನೆ.