ನೆನಪು ಯಾರ ಬಳಿ ಇರಬೇಕು? ಕುಕಿಯ ಚರಿತ್ರೆಯ ಕೆಲವು ಪುಟಗಳು

ಹೈದರಾಬಾದಿನ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದದ್ದು 1998ರ ನವೆಂಬರಿನಲ್ಲಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಅಮೆರಿಕದ ಲೂ ಮೊಂಟುಲಿ ಅವರ ಒಂದು ಸಣ್ಣ ಉಪಾಯಕ್ಕೆ ಪೇಟೆಂಟ್ ದೊರೆತಿತ್ತು. ಅದರ ಹೆಸರು ಕುಕಿ. ಮುಂದೆ ಮಾದಾಪುರದ ಕಚೇರಿಗಳಲ್ಲಿ ಕುಳಿತು ಜಾಲತಾಣಗಳನ್ನು ಕಟ್ಟಿದವರಿಗೆ, ಬೀದರ್, ಕಲಬುರಗಿ, ರಾಯಚೂರುಗಳಿಂದ ಹೋದ ನಮ್ಮವರಿಗೂ, ಅದು ದಿನಬಳಕೆಯ ಸಲಕರಣೆಯಾಯಿತು.

ಜಾಲದ ಮೂಲ ನಿಯಮವಾದ ಎಚ್‌ಟಿಟಿಪಿಗೆ ನೆನಪಿನ ಶಕ್ತಿಯಿಲ್ಲ. ಕೇಳಿದ ಪುಟವನ್ನು ಕೊಟ್ಟು, ಕೇಳಿದವರು ಯಾರೆಂಬುದನ್ನು ಅದು ಆ ಕ್ಷಣವೇ ಮರೆಯುತ್ತದೆ. ಬರಿದೇ ಓದುವವರಿಗೆ ಇದರಿಂದ ತೊಡಕಿಲ್ಲ. ಕೊಳ್ಳಲು ಬಂದವರಿಗೆ ಉಂಟು. ಪುಟ ಬದಲಾದೊಡನೆ ಆರಿಸಿಟ್ಟ ಸಾಮಾನಿನ ಲೆಕ್ಕ ಅಳಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ಎಂಸಿಐ ಎಂಬ ದೂರವಾಣಿ ಕಂಪನಿಗಾಗಿ ವ್ಯಾಪಾರದ ತಂತ್ರಾಂಶ ರೂಪಿಸುತ್ತಿತ್ತು. ಅರ್ಧಕ್ಕೆ ನಿಂತ ವ್ಯವಹಾರಗಳ ವಿವರವನ್ನು ತನ್ನ ಸರ್ವರುಗಳಲ್ಲಿ ಇಟ್ಟುಕೊಳ್ಳುವುದು ಎಂಸಿಐಗೆ ಬೇಡವಾಗಿತ್ತು. ಆಗ ಮೊಂಟುಲಿ ಆ ನೆನಪಿನ ತುಣುಕನ್ನು ಗ್ರಾಹಕರ ಬ್ರೌಸರಿನಲ್ಲಿಯೇ ಇರಿಸುವ ದಾರಿ ಕಂಡುಕೊಂಡರು.

ಮುಂದೆ ಅನೇಕ ತಾಣಗಳು ನಡುವಿನ ಹಾದಿ ಹಿಡಿದವು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯನ್ನು ನೆನೆಯೋಣ. ಬಿಲ್ಲೆಯ ಮೇಲಿರುವುದು ಸಂಖ್ಯೆ ಮಾತ್ರ. ಚಪ್ಪಲಿ ಕಾವಲಿನವರ ಬಳಿ ಇರುತ್ತದೆ. ಸೆಷನ್ನಿನಲ್ಲಿಯೂ ಹಾಗೆಯೇ: ಬ್ರೌಸರಿನಲ್ಲಿ ಯಾರೂ ಊಹಿಸಲಾಗದ ಒಂದು ಗುರುತು, ಸರ್ವರಿನಲ್ಲಿ ಉಳಿದ ವಿವರ. ಬಿಲ್ಲೆ ಕದ್ದವನಿಗೂ ಚಪ್ಪಲಿ ಸಿಕ್ಕೀತು. ಆದುದರಿಂದಲೇ ಕೆಲವು ನಿಮಿಷ ಸುಮ್ಮನಿದ್ದರೆ ಬ್ಯಾಂಕಿನ ತಾಣ ನಮ್ಮನ್ನು ಹೊರಗೆ ಕಳಿಸುತ್ತದೆ.

ದೊಡ್ಡ ಕೇಡು ಬೇರೊಂದು ಕಡೆಯಿಂದ ಬಂತು. ನಾವು ಬಾಗಿಲು ತಟ್ಟದ ಜಾಹೀರಾತು ಕಂಪನಿಗಳೂ ತಮ್ಮ ಬಿಲ್ಲೆಯನ್ನು ನಮ್ಮ ಜೇಬಿಗಿಳಿಸಿ, ತಾಣದಿಂದ ತಾಣಕ್ಕೆ ನಮ್ಮ ಜಾಡು ಹಿಡಿದವು. ಇಂಥ ಕುಕಿಗಳನ್ನು ಮೊದಲಿಗೇ ತಡೆಯಬೇಕೆಂದು 1997ರ ಆರ್‌ಎಫ್‌ಸಿ 2109 ವಿಧಿಸಿತು. ಅಂದಿನ ಎರಡು ಪ್ರಮುಖ ಬ್ರೌಸರುಗಳು ಕಿವಿಗೊಡಲಿಲ್ಲ.

ನಮ್ಮ ದೇಶದಲ್ಲಿ ಇಂಥ ಪ್ರಶ್ನೆಗಳಿಗೆ ಬುನಾದಿ ದೊರೆತದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರವಾಗಿ 2012ರಲ್ಲಿ ಹೂಡಿದ ಮೊಕದ್ದಮೆಯಿಂದ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಸಂಗ್ರಹಿಸಿದ ಉದ್ದೇಶ ತೀರಿದ ಮೇಲೆ ವೈಯಕ್ತಿಕ ದತ್ತಾಂಶವನ್ನು ಅಳಿಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಸೇರಿತು.

ಮರೆವನ್ನು ನೀಗಲೆಂದು ಹುಟ್ಟಿದ ಉಪಾಯಕ್ಕೆ ಈಗ ಮರೆಯುವುದನ್ನು ಕಲಿಸಬೇಕಾಗಿದೆ. ಯಾವುದನ್ನು, ಎಷ್ಟು ಹೊತ್ತು ನೆನಪಿಡಬೇಕೆಂದು ಮಾದಾಪುರದ ತಂತ್ರಜ್ಞರು ಬರೆಯುವ ಒಂದೊಂದು ಸಾಲೂ ಕಾಣದ ಯಾರದೋ ಹಕ್ಕನ್ನು ಮುಟ್ಟುತ್ತದೆ. ಬಳಸುವ ನಾವೂ ಆ ಲೆಕ್ಕವನ್ನು ಕೇಳಬೇಕು.