ಅಪ್ಪ-ಅಮ್ಮನ ಕಿವಿ ಮಿಷನ್‌ಗೆ ಯಾವ ಬ್ಯಾಟರಿ? ಕೊಳ್ಳುವ ಮುನ್ನ ಇದನ್ನು ಓದಿ

ಫೋನ್ ಮಾಡಿದಾಗ ಅಮ್ಮ "ಏನಂದಿ? ಜೋರಾಗಿ ಹೇಳು" ಅಂತ ಮೂರು ಸಲ ಕೇಳಿದರೆ ಮಿಷನ್ ಹಾಳಾಗಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಬ್ಯಾಟರಿ ಮುಗಿದಿರುತ್ತದೆ, ಇಲ್ಲವೇ ತಪ್ಪು ಬ್ಯಾಟರಿ ಹಾಕಿರುತ್ತಾರೆ. ಒಬ್ಬ ಮಗ ಗಲ್ಫ್‌ನಲ್ಲಿ, ಇನ್ನೊಬ್ಬ ಅಮೆರಿಕದ ನೆವಾರ್ಕ್-ಫ್ರೀಮಾಂಟ್ ಕಡೆ ಇರುವ ಮನೆಗಳಲ್ಲಿ ಬ್ಯಾಟರಿ ತರೋದು ಯಾರಾದರೊಬ್ಬ ಮಗನ ಕೆಲಸ. ಅದನ್ನು ಸರಿಯಾಗಿ ಮಾಡೋದು ಹೇಗೆ?

ಬಣ್ಣ ನೋಡಿ, ನಂಬರ್ ನೋಡಿ

ಕಿವಿ ಮಿಷನ್‌ಗೆ ಹಾಕುವುದು ಜಿಂಕ್-ಏರ್ ಬ್ಯಾಟರಿ. ಯಾವ ಕಂಪನಿಯದಾದರೂ ಅಂಟಿನ ಪಟ್ಟಿಯ ಬಣ್ಣ ಒಂದೇ. ದಿನಗಳ ಲೆಕ್ಕ ಅಂದಾಜು:

- 10 (ಪಿಆರ್70): ಹಳದಿ, 3ರಿಂದ 7 ದಿನ
- 312 (ಪಿಆರ್41): ಕಂದು, 3ರಿಂದ 10 ದಿನ
- 13 (ಪಿಆರ್48): ಕಿತ್ತಳೆ, 6ರಿಂದ 14 ದಿನ
- 675 (ಪಿಆರ್44): ನೀಲಿ, 9ರಿಂದ 20 ದಿನ

ಬ್ಲೂಟೂತ್‌ನಲ್ಲಿ ಫೋನ್, ಟಿವಿ ಕೇಳಿದರೆ ಬೇಗ ಮುಗಿಯುತ್ತದೆ. ಅಂಗಡಿಗೆ ಹೋಗುವ ಮುಂಚೆ ಹಳೇ ಬ್ಯಾಟರಿಯ ಪ್ಯಾಕ್‌ನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ.

ವಾಚ್ ಅಂಗಡಿಯ ತಪ್ಪು

ಎಲ್‌ಆರ್44 ಬ್ಯಾಟರಿ ಗಾತ್ರದಲ್ಲಿ 675ರಂತೆಯೇ ಇರುತ್ತದೆ. ಅದು ಆಲ್ಕಲೈನ್, 1.5 ವೋಲ್ಟ್. ಜಿಂಕ್-ಏರ್ ಸುಮಾರು 1.4 ವೋಲ್ಟ್. ಹೊಂದಿಕೊಂಡರೂ ಕಿವಿ ಮಿಷನ್‌ಗೆ ಹಾಕಬೇಡಿ. ಕಾಕ್ಲಿಯರ್ ಇಂಪ್ಲಾಂಟ್‌ಗೆ ಬೇರೆಯೇ 675 ಇದೆ, ಅದನ್ನು ಡಾಕ್ಟರ್ ಹೇಳಿದಂತೆ ಮಾತ್ರ ಕೊಳ್ಳಿ.

ಪಟ್ಟಿ ಕಿತ್ತ ಮೇಲೆ ಹಿಂದಕ್ಕಿಲ್ಲ

ಪಟ್ಟಿ ಕಿತ್ತಾಗ ಪ್ಲಸ್ ಬದಿಯ ಸಣ್ಣ ರಂಧ್ರಗಳಿಂದ ಗಾಳಿ ಒಳಹೋಗಿ ಬ್ಯಾಟರಿ ಕೆಲಸ ಶುರು ಮಾಡುತ್ತದೆ. ಕಿತ್ತು ಒಂದರಿಂದ ಐದು ನಿಮಿಷ ಬಿಟ್ಟು ಮಿಷನ್‌ಗೆ ಹಾಕಿ. ಪಟ್ಟಿ ಮತ್ತೆ ಅಂಟಿಸಿದರೂ ಬ್ಯಾಟರಿ ಉಳಿಯಲ್ಲ, ಅದಕ್ಕೇ ಮುಂಚಿತವಾಗಿ ಕಿತ್ತಿಡಬೇಡಿ. ಇದರ ವೋಲ್ಟೇಜ್ ಕೊನೆಯವರೆಗೂ ಒಂದೇ ಸಮನಿದ್ದು ಥಟ್ಟನೆ ಬೀಳುತ್ತದೆ. ಹಾಗಾಗಿ ಕಿಸೆಯಲ್ಲಿ ಸ್ಪೇರ್ ಇರಲಿ.

ಹವೆಗೂ ಸಂಬಂಧವಿದೆ

ಜಿಂಕ್-ಏರ್ ಬ್ಯಾಟರಿ ಒಣ ಗಾಳಿಯಲ್ಲಿ ಒಣಗುತ್ತದೆ, ಒದ್ದೆ ಗಾಳಿಯಲ್ಲಿ ನೀರು ಹೀರುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲೂ, ಗಲ್ಫ್‌ನ ಕಡಲತೀರದ ಬೇಸಗೆ ಸೆಕೆಯಲ್ಲೂ, ನಮ್ಮ ಕರಾವಳಿಯ ಮಳೆಗಾಲದಲ್ಲೂ ಬಾಳಿಕೆ ಕಡಿಮೆ ಆಗಬಹುದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ, ಫ್ರಿಜ್‌ನಲ್ಲೂ ಬೇಡ. ಮಲಗುವಾಗ ಬ್ಯಾಟರಿ ಬಾಗಿಲು ತೆರೆದಿಟ್ಟರೆ ತೇವ ಹೋಗುತ್ತದೆ, ಚಾರ್ಜೂ ಉಳಿಯುತ್ತದೆ.

ಎಷ್ಟು ತರಬೇಕು?

312 ಹಾಕುವ ಎರಡು ಮಿಷನ್, ಒಂದೊಂದಕ್ಕೂ ವಾರಕ್ಕೊಂದು ಬ್ಯಾಟರಿ ಅಂತ ಇಟ್ಟುಕೊಳ್ಳಿ. ಆರು ತಿಂಗಳಿಗೆ, ಅಂದರೆ 26 ವಾರಕ್ಕೆ 52 ಬೇಕು. ಆರರ ಪ್ಯಾಕ್ ಆದರೆ ಒಂಬತ್ತು. ನೆವಾರ್ಕ್‌ನ ಮಗನ ಮನೆಗೆ ಆರು ತಿಂಗಳಿಗೆ ಹೋಗುವ ಅಪ್ಪ-ಅಮ್ಮನಿಗೂ ಇದೇ ಲೆಕ್ಕ. ಬ್ಯಾಗ್‌ನಲ್ಲಿ ಬಿಡಿಬಿಡಿಯಾಗಿ ಹಾಕದೆ ಪ್ಯಾಕ್‌ನಲ್ಲೇ ಇಟ್ಟು ಕೈಚೀಲದಲ್ಲಿ ಒಯ್ಯಿರಿ. ಎಕ್ಸ್‌ಪೈರಿ ದಿನಾಂಕ ನೋಡಿ ಕೊಳ್ಳಿ.

ರೀಚಾರ್ಜೆಬಲ್ ಆದರೆ?

2022ರ ಅಕ್ಟೋಬರ್ 17ರಿಂದ ಅಮೆರಿಕದಲ್ಲಿ 18 ದಾಟಿದ, ಸೌಮ್ಯದಿಂದ ಮಧ್ಯಮ ಮಟ್ಟದ ಕಿವುಡುತನ ಇರುವವರು ಡಾಕ್ಟರ್ ಚೀಟಿ ಇಲ್ಲದೆ ಕಿವಿ ಮಿಷನ್ ಕೊಳ್ಳಬಹುದು. ಅವುಗಳಲ್ಲಿ ಹಲವು ಚಾರ್ಜ್ ಮಾಡುವಂಥವು. ಅಲ್ಲಿಂದ ಊರಿಗೆ ಕಳಿಸುವ ಮುನ್ನ ಚಾರ್ಜರ್ ಮೇಲೆ "100-240 ವೋಲ್ಟ್" ಇದೆಯಾ ನೋಡಿ, ಪಿನ್‌ಗೆ ಅಡಾಪ್ಟರ್ ಕೊಡಿ. ಪದೇ ಪದೇ ಕರೆಂಟ್ ಹೋಗುವ ಊರಾದರೆ ಬದಲಿಸುವ ಬ್ಯಾಟರಿಯೇ ಅನುಕೂಲ. ಬೆರಳು ನಡುಗುವ, ಕಣ್ಣು ಮಂಜಾದ ಹಿರಿಯರಿಗೆ ಚಾರ್ಜ್ ಮಾಡುವುದೇ ಸುಲಭ. ಮಿಷನ್ ಆಯ್ಕೆಗೆ ಮುಂಚೆ ಕಿವಿ ಪರೀಕ್ಷೆ ಮಾಡಿಸಿ. ಊರಿನಲ್ಲಿ ಆದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೌಲಭ್ಯವಿದೆ.

ಮೊಮ್ಮಕ್ಕಳಿರುವ ಮನೆಯಲ್ಲಿ ಎಚ್ಚರ

ಹಳೆಯದಾಗಲಿ, ಹೊಸದಾಗಲಿ, ಬ್ಯಾಟರಿ ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ನುಂಗಿದರೆ, ಮೂಗು-ಕಿವಿಗೆ ತುರುಕಿಕೊಂಡರೆ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಓಡಿ. ಹಿರಿಯರೂ ಮಾತ್ರೆ ಅಂದುಕೊಂಡು ನುಂಗುವುದುಂಟು, ಮಾತ್ರೆ ಡಬ್ಬಿಯ ಪಕ್ಕ ಬ್ಯಾಟರಿ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2006ರಿಂದ ಯಾವ ಬ್ಯಾಟರಿಯನ್ನೂ ಮನೆಕಸಕ್ಕೆ ಹಾಕುವಂತಿಲ್ಲ. ನೆವಾರ್ಕ್‌ನವರು ಬ್ಯಾಟರಿ ಸಂಗ್ರಹ ಕೇಂದ್ರಕ್ಕೆ ಕೊಡಬೇಕು.

ಮುಂದಿನ ಸಲ ಊರಿಗೆ ಹೋಗುವಾಗ ಚಾಕೊಲೇಟ್ ಜೊತೆ ನಾಲ್ಕು ಪ್ಯಾಕ್ ಬ್ಯಾಟರಿಯನ್ನೂ ಬ್ಯಾಗ್‌ಗೆ ಹಾಕಿ. ಬಣ್ಣ ಮಾತ್ರ ಅಮ್ಮನ ಹತ್ತಿರ ಕೇಳಿಕೊಂಡೇ ತನ್ನಿ.