ಮುಪ್ಪನ್ನು ನಡಿಗೆಯಿಂದ ಅಳೆದ ಬಗೆ

ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ 19ನೆಯ ಶತಮಾನದಲ್ಲಿ ಗುರುತಿಸಿದ, ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಸೂತ್ರಕ್ಕೆ 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ದೇಹತೂಕ ಸೂಚ್ಯಂಕವೆಂದು ಹೆಸರಿಟ್ಟ ಮೇಲೆ ಅದು ವೈದ್ಯರ ನಿತ್ಯದ ಅಳತೆಯಾಯಿತಾದರೂ, ವಯೋವೃದ್ಧರ ಮಟ್ಟಿಗೆ ಅದು ತಿಳಿಸುವುದಕ್ಕಿಂತ ಮರೆಮಾಚುವುದೇ ಹೆಚ್ಚು. ಏಕೆಂದರೆ ಸ್ನಾಯು ಕರಗಿ ಆ ಜಾಗವನ್ನು ಕೊಬ್ಬು ತುಂಬಿದರೂ ತಕ್ಕಡಿಯ ಮುಳ್ಳು ಇದ್ದಲ್ಲೇ ಇರಬಹುದು. ಈ ಸವೆತವನ್ನು 1980ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕ ಇರ್ವಿನ್ ರೋಸೆನ್‌ಬರ್ಗ್ ‘ಸಾರ್ಕೊಪೀನಿಯ’ ಎಂದು ಕರೆದರು.

ಇಂಥ ಸವೆತದ ಪರಿಣಾಮವನ್ನು ಅರಿಯಲು 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ ಆರಂಭವಾದ ‘ಹೆಲ್ತ್ ಎಬಿಸಿ’ ಅಧ್ಯಯನವು 70ರಿಂದ 79 ವರ್ಷದ, ನಡೆಯಲು ತೊಂದರೆಯಿಲ್ಲವೆಂದು ತಾವೇ ಹೇಳಿಕೊಂಡ 3,075 ಮಂದಿಯನ್ನು ಸೇರಿಸಿಕೊಂಡು, ಅವರ ತೊಡೆಯ ಸಿ.ಟಿ. ಚಿತ್ರ ತೆಗೆದು, ಕೈಹಿಡಿತದ ಬಲ ಅಳೆದು, ಶಕ್ತರಾದವರನ್ನು 20 ಮೀಟರ್ ಉದ್ದದ ಮೊಗಸಾಲೆಯಲ್ಲಿ ಹೋಗಿಬರುವ ಹತ್ತು ಸುತ್ತು, ಅಂದರೆ 400 ಮೀಟರ್, ಆದಷ್ಟು ಬೇಗ ನಡೆಸಿತು. ಆ ದೂರಕ್ಕೆ ತಗಲಿದ ಪ್ರತಿ ಹೆಚ್ಚುವರಿ ನಿಮಿಷಕ್ಕೂ ಸಾವಿನ ಅಪಾಯ ಸುಮಾರು ಶೇ. 29ರಷ್ಟು ಏರುತ್ತಿತ್ತೆಂದು 2006ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಇನ್ನೊಂದು ವರದಿಯಲ್ಲಿ, ದುಬಾರಿ ಯಂತ್ರಗಳು ತೋರಿಸಿದ ಸ್ನಾಯುವಿನ ಪ್ರಮಾಣಕ್ಕಿಂತ ಸ್ನಾಯುವಿನ ಬಲವೇ ಆಯುಸ್ಸಿನ ನಂಬಲರ್ಹ ಸೂಚಕವೆಂದು ಕಂಡುಬಂದಿತು. 2018ರಲ್ಲಿ ಯುರೋಪಿನ ತಜ್ಞರ ತಂಡವು ಸಾರ್ಕೊಪೀನಿಯದ ವ್ಯಾಖ್ಯೆಯನ್ನು ತಿದ್ದಿ ಬಲಕ್ಕೇ ಮೊದಲ ಸ್ಥಾನ ಕೊಟ್ಟಿತು.